ಹರಿತಾ ಐದು ಸಲ ಒಯ್ದ ಪುಸ್ತಕ

ಬೆರಳಿನ ಶಾಯಿ ಹೋಗುತ್ತಿರಲಿಲ್ಲ. ಕಾಲೇಜಿನ ಹಿಂದಿನ ನಲ್ಲಿಯ ಕೆಳಗೆ ನಿಂತು ಲೋಕನಾಥ ಬಲಗೈಯ ನಡುಬೆರಳನ್ನು ಮೂರನೆಯ ಸಲ ಉಜ್ಜಿಕೊಂಡ. ನೀಲಿ, ಕಪ್ಪು, ಇನ್ನೊಂದು ತರದ ನೀಲಿ, ಗೆಣ್ಣಿನ ಹತ್ತಿರ ಒಂದಿಷ್ಟು ಹಸಿರು. ಸೋಪು ಇದ್ದಿದ್ದರೆ ಹೋಗುತ್ತಿತ್ತೇನೋ, ಆದರೆ ಸೋಪನ್ನು ಬೆಳಗ್ಗೆಯೇ ತಪಾಸಣೆಗೆ ಬರುವ ಕಮಿಟಿಯವರ ಬಾತ್‌ರೂಮಿಗೆ ಒಯ್ದಿಟ್ಟಿದ್ದರು. ಮೇಷ್ಟರ ಬೆರಳಿಗೆ ಶಾಯಿ ಇರುವುದು ಅಪರಾಧವೇ ಎಂದು ತನ್ನನ್ನೇ ಕೇಳಿಕೊಂಡ. ಅಲ್ಲ. ನಾಲ್ಕು ಬಣ್ಣದ ಶಾಯಿ ಇರುವುದು ಸ್ವಲ್ಪ ಅಪರಾಧ. ನಗು ಬಂತು. ಕೈಯನ್ನು ಜೇಬಿಗೆ ಇಳಿಸಿ ಹೊರಟ. ಆಂಧ್ರದ ಗಡಿಯೂರು ರಾಯದುರ್ಗದ ಬೆಟ್ಟ ಹಾಸ್ಟೆಲಿನ ತಾರಸಿಯ ಮೇಲೆ ಕೂತಂತೆ ಕಾಣುತ್ತಿತ್ತು. ಬೀದಿಯ ಆಚೆ ಜೀನ್ಸ್ ಹೊಲಿಯುವ ಮನೆಗಳಿಂದ ಮಷೀನುಗಳ ಸದ್ದು ನಿಂತು ನಿಂತು ಬರುತ್ತಿತ್ತು. ಹುಟ್ಟಿದಾಗಿನಿಂದ ಕೇಳಿದ ಸದ್ದು ಅದು. ಅಪ್ಪ ಹಂಪಣ್ಣ ಅದರ ನಡುವೆ ಕೂತೇ ಮೂವತ್ತು ವರ್ಷ ಜಿಪ್ಪು ಕೂಡಿಸಿದವನು. ಮಗ ಆ ಸದ್ದಿನಿಂದ ಎದ್ದು ಬಂದು ಎದುರಿನ ಕಟ್ಟಡದಲ್ಲಿ ಸಂಖ್ಯಾಶಾಸ್ತ್ರ ಹೇಳುತ್ತಿದ್ದ. ನಡುವೆ ಇದ್ದದ್ದು ಒಂದು ಬೀದಿ ಮಾತ್ರ. ಅಷ್ಟನ್ನು ದಾಟಿದ್ದಕ್ಕೆ ಊರಿನವರು ಅವನಿಗೆ 'ಸರ್' ಅನ್ನುತ್ತಿದ್ದರು.

"ಲೋಕನಾಥ್, ಬೆವರಬ್ಯಾಡ್ರಿ," ಎಂದರು ಪ್ರಿನ್ಸಿಪಾಲ್ ರೇಣುಕಾಪ್ರಸಾದ್, ವರಾಂಡದಲ್ಲಿ ಎದುರಾಗಿ. ಅವರೇ ಬೆವರಿ ತೊಯ್ದಿದ್ದರು. "ಬೆವರಿದ್ರ ನೋಡಿದವ್ರಿಗೆ ಅನುಮಾನ ಬರ್ತೈತಿ. ರಿಜಿಸ್ಟರ್ ಭಾಳ ಚಂದ ಆಗೈತ್ರಿ. ನಾನೇ ನಂಬಿಬಿಟ್ಟೆ. ನಮ್ಮ ಹುಡುಗ್ರು ಇಷ್ಟು ಓದ್ಯಾರೇನು ಅಂತ ಒಂದು ನಿಮಿಷ ಕಣ್ಣಾಗ ನೀರು ಬಂತು ನೋಡ್ರಿ."

ಚಂದ ಆಗಿತ್ತು, ಅದು ನಿಜ. ಆ ಖಾಸಗಿ ಡಿಗ್ರಿ ಕಾಲೇಜಿಗೆ ಸಂಖ್ಯಾಶಾಸ್ತ್ರದಲ್ಲಿ ಪಿಜಿ ಕೊಡಬಹುದೋ ಬೇಡವೋ ಎಂದು ನೋಡಲು ಕಮಿಟಿ ಬರುವುದಿತ್ತು. ಕಮಿಟಿಯವರು ಲೈಬ್ರರಿಯಲ್ಲಿ ಎರಡನ್ನೇ ಕೇಳುತ್ತಾರೆ. ದೊಡ್ಡ ಪುಸ್ತಕಗಳು ಇವೆಯೇ? ಮಕ್ಕಳು ಒಯ್ದು ಓದುತ್ತಾರೆಯೇ? ಮೊದಲನೆಯದಕ್ಕೆ ಎರಡು ವರ್ಷದ ಹಿಂದೆಯೇ ಉತ್ತರ ತಯಾರಾಗಿತ್ತು. ಯಾವುದೋ ಊರಿನಲ್ಲಿ ತೀರಿಕೊಂಡ ಒಬ್ಬ ಪ್ರೊಫೆಸರರ ಮನೆಯಿಂದ ಅನ್ವಯಿಕ ಗಣಿತ, ಸಂಖ್ಯಾಶಾಸ್ತ್ರದ ಇನ್ನೂರ ಹನ್ನೊಂದು ದಪ್ಪ ಪುಸ್ತಕಗಳು ಲಗೇಜ್ ಆಟೋದಲ್ಲಿ ಬಂದು, ಬೆನ್ನಿಗೆ ನಂಬರು ಅಂಟಿಸಿಕೊಂಡು, ಗಾಜಿನ ಬೀರುಗಳೊಳಗೆ ಸಾಲಾಗಿ ನಿಂತು ಬೀಗ ಹಾಕಿಸಿಕೊಂಡಿದ್ದವು. ಕೀಲಿ ಪ್ರಿನ್ಸಿಪಾಲರ ಉಡಿದಾರದಲ್ಲಿ. ಗಾಜಿನೊಳಗಿಟ್ಟು ದೂರದಿಂದ ತೋರಿಸುವುದರಲ್ಲಿ ನಮ್ಮವರಿಗೆ ಮೊದಲಿನಿಂದಲೂ ಪಳಗಿದ ಕೈ, ದೇವರಿಂದ ಶುರುವಾದದ್ದು ಪುಸ್ತಕದವರೆಗೆ ಬಂದಿದೆ. ಎರಡನೆಯ ಪ್ರಶ್ನೆಗೆ ಉತ್ತರ ಬರೆಯಬೇಕಾದವನು ಲೋಕನಾಥ. ಒಯ್ದವರ ರಿಜಿಸ್ಟರಿನಲ್ಲಿ ಗೆರೆಗಳಿದ್ದವೇ ಹೊರತು ಒಂದು ಹೆಸರೂ ಇರಲಿಲ್ಲ. ಮೂರು ಮಧ್ಯಾಹ್ನ, ಅಟೆಂಡರ್ ಓಬುಲೇಶ್ ತಂದುಕೊಟ್ಟ ಟೀ ಕುಡಿಯುತ್ತ, ನಾಲ್ಕು ಪೆನ್ನುಗಳಲ್ಲಿ, ಐದಾರು ತರದ ಕೈಬರಹದಲ್ಲಿ, ಎರಡು ವರ್ಷದ ಓದನ್ನು ಅವನು ಬರೆದು ಮುಗಿಸಿದ್ದ. ಬೇರೆ ಡಿಪಾರ್ಟ್‌ಮೆಂಟಿನವರಾಗಿದ್ದರೆ ಹಾಜರಿ ಪಟ್ಟಿಯಂತೆ ಒಂದರ ಕೆಳಗೊಂದು ಬರೆದು ಸಿಕ್ಕಿಬೀಳುತ್ತಿದ್ದರು. ಇವನು ಕಲಿತವನು. ಕೈಗೆ ಬಿಟ್ಟರೆ ಕೈ ತನಗೆ ಬೇಕಾದ್ದನ್ನೇ ಬರೆಯುತ್ತದೆ ಎಂದು ಗೊತ್ತಿದ್ದವನು. ಅದಕ್ಕೇ ಬೀರುವಿನಿಂದ ಒಂದು ದಪ್ಪ ಪುಸ್ತಕ ತೆಗೆಸಿ, ಅದರ ಕೊನೆಯಲ್ಲಿದ್ದ ಅಡ್ಡಾದಿಡ್ಡಿ ಅಂಕಿಗಳ ಕೋಷ್ಟಕ ಹಿಡಿದು, ಆ ಅಂಕಿ ಹೇಳಿದ ರೋಲ್ ನಂಬರಿಗೆ ಆ ಅಂಕಿ ಹೇಳಿದ ಪುಸ್ತಕ, ಆ ಅಂಕಿ ಹೇಳಿದ ತಾರೀಖಿಗೆ ಕೊಟ್ಟಿದ್ದ. ಭಾನುವಾರಗಳನ್ನು ಮರೆಯದೆ ಬಿಟ್ಟಿದ್ದ. ಯುಗಾದಿಯನ್ನೂ ಬಿಟ್ಟಿದ್ದ. ಇಷ್ಟು ಶ್ರದ್ಧೆಯಿಂದ ಅವನು ತನ್ನ ಪರೀಕ್ಷೆಗೂ ಓದಿದವನಲ್ಲ. ಏಳುನೂರು ಪುಟದ ಆ ಪುಸ್ತಕದಲ್ಲಿ ಅವನು ಉಪಯೋಗಿಸಿದ್ದು ಕೊನೆಯ ಆ ನಾಲ್ಕು ಪುಟಗಳನ್ನು ಮಾತ್ರ.

ಆದರೆ ಕೋಷ್ಟಕ ಏಳು ಅಂದಾಗ ಅವನ ಕೈ ಇಪ್ಪತ್ಮೂರು ಎಂದು ಬರೆದದ್ದಿತ್ತು. ಒಂದು ಸಲವಲ್ಲ. ಇಪ್ಪತ್ಮೂರು ಹರಿತಾಳ ರೋಲ್ ನಂಬರು.

ಹರಿತಾ ಡಿಗ್ರಿ ಕೊನೆಯ ವರ್ಷದ ಹುಡುಗಿ. ತಾಯಿ ನಾಗಲಕ್ಷ್ಮಮ್ಮ ಮನೆಯಲ್ಲೇ ನಾಲ್ಕು ಮಷೀನು ಇಟ್ಟುಕೊಂಡು ಜೀನ್ಸ್ ಹೊಲಿಯುವವಳು. ಕಾಲೇಜು ಬಿಟ್ಟ ಮೇಲೆ ಮಗಳೂ ಒಂದು ಮಷೀನಿನ ಮುಂದೆ ಕೂರುವವಳು. ಹೋದ ಆಗಸ್ಟಿನಲ್ಲಿ ಕ್ಲಾಸಿನ ನಡುವೆ ಎದ್ದು ನಿಂತು, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೀಚಿದ್ದ ಲೆಕ್ಕ ಹಿಡಿದು ಕೇಳಿದ್ದಳು. ಮೂರು ತಿಂಗಳು ನಾಲ್ಕು ಮಷೀನುಗಳಲ್ಲಿ ಸೂಜಿ ಯಾವ ಯಾವ ಹೊತ್ತಿಗೆ ಮುರಿಯಿತು ಎಂದು ಬರೆದಿಟ್ಟಿದ್ದಳಂತೆ. ಜೀನ್ಸಿನಲ್ಲಿ ನಾಲ್ಕು ಪದರ ಬಟ್ಟೆ ಕೂಡುವ ಜಾಗಕ್ಕೆ ಬಂದಾಗ ಸೂಜಿ ಪಟ್ಟೆಂದು ಹೋಗುತ್ತದೆ, ಅದು ಊರಿಗೇ ಗೊತ್ತು. "ಸರ್, ನೀವು ಹೇಳಿದ ಸೂತ್ರದಾಗ ಸೂಜಿಗೆ ನೆನಪಿಲ್ಲ ಅಂತೈತ್ರಿ. ಈಗ ಹಾಕಿದ ಸೂಜಿ ಆಗ್ಲಿ, ಮುಂಜಾನಿಂದ ಹೊಲಿದ ಸೂಜಿ ಆಗ್ಲಿ, ಮುಂದಿನ ತಾಸಿನ್ಯಾಗ ಮುರಿಯೋ ಸಾಧ್ಯತೆ ಒಂದೇ ಅಂತ. ಹಂಗಿಲ್ರಿ. ನಮ್ಮ ಸೂಜಿಗೆ ನೆನಪೈತ್ರಿ. ಹಳೇದು ಬೇಗ ಮುರೀತೈತಿ. ಹಂಗಾದ್ರ ಯಾವ ಸೂತ್ರ ಹಾಕಬೇಕ್ರಿ?" ಹುಡುಗರು ಕಿಸಕ್ಕೆಂದರು. ಲೋಕನಾಥನಿಗೆ ಉತ್ತರ ಗೊತ್ತಿರಲಿಲ್ಲ. ಉತ್ತರ ಇರುವ ಅಧ್ಯಾಯದ ಹೆಸರು ಮಾತ್ರ ಗೊತ್ತಿತ್ತು. ಅಂಗಡಿಯ ಬೋರ್ಡು ಓದಲು ಬಂದರೂ ಒಳಗೆ ಹೋಗಲು ಧೈರ್ಯವಿಲ್ಲದವನಂತೆ ಅವನು ಆ ಅಧ್ಯಾಯದ ಮುಂದೆ ವರ್ಷಗಟ್ಟಲೆ ಓಡಾಡಿದ್ದ. "ಅದು ಸಿಲೆಬಸ್‌ನಾಗಿಲ್ಲ," ಎಂದಿದ್ದ. "ಆ ಬೀರುದಾಗಿನ ದಪ್ಪ ಪುಸ್ತಕದಾಗ ಇರ್ತೈತೇನ್ರಿ? ಒಂದ್ಸಲ ಕೊಡಸ್ರಿ ಸರ್." ಆಗ ಅವನ ಬಾಯಿಂದ ಬಂದದ್ದು: "ಅದು ನಿನಗಲ್ಲಮ್ಮ."

ನಿನಗಲ್ಲ. ಆ ಮಾತು ಅವನದಲ್ಲ, ಅದು ಅವನಿಗೇ ಯಾರೋ ಕೊಟ್ಟದ್ದು. ಪಿಜಿ ಓದಲು ಹೋದ ಊರಿನಲ್ಲಿ ಒಂದು ದಿನ ಲೈಬ್ರರಿಯ ರ‍್ಯಾಕಿನ ಮುಂದೆ, ಇಂಥದೇ ದಪ್ಪ ಪುಸ್ತಕದ ಬೆನ್ನಿನ ಮೇಲೆ ಬೆರಳಾಡಿಸುತ್ತ ನಿಂತಿದ್ದಾಗ ಹಿಂದಿನಿಂದ ಬಂದ ಮೇಷ್ಟರು ಕೇಳಿದ್ದರು. "ಏನಯ್ಯ, ಟೈಲರ್ ಮಗ ಅಲ್ವಾ ನೀನು? ಅಳತೆ ತಗೋತಿದೀಯಾ? ಇದು ನಿನಗಲ್ಲ, ಗೈಡು ಓದು, ಪಾಸಾಗು." ಸುತ್ತಲಿನವರು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಲೋಕನಾಥ. ಆ ನಗು ಅವನನ್ನು ಇವತ್ತಿಗೂ ಬಿಟ್ಟಿಲ್ಲ. ಸ್ನಾನ ಮಾಡುವಾಗ, ಬಸ್ಸಿಗೆ ಕಾಯುವಾಗ ನೆನಪಾಗಿ ಕಿವಿ ಬಿಸಿಯಾಗುತ್ತದೆ. ಮೇಷ್ಟರ ಮಾತಿಗಲ್ಲ, ತನ್ನ ನಗುವಿಗೆ. ಗೈಡು ಓದಿದ, ಪಾಸಾದ. ಮೇಲ್ಜಾತಿಯವರ ಬಾಯಿಂದ ಕೇಳಿದ ಮಾತನ್ನು ತನ್ನ ಬೀದಿಯ ಹುಡುಗಿಗೇ ದಾಟಿಸಿದ, ಕೊನೆಗೊಂದು 'ಅಮ್ಮ' ಸೇರಿಸಿ, ಮೃದುವಾಗಿ. ಮೃದುವಾಗಿ ಹೇಳಿದೆನಲ್ಲ ಎಂಬುದೇ ಆ ರಾತ್ರಿ ಅವನಿಗೆ ನಿದ್ದೆ ಬರಿಸಿದ್ದು. ಇನ್ನು ಈ ಮೂರು ಮಧ್ಯಾಹ್ನ ಕೋಷ್ಟಕವನ್ನು ಧಿಕ್ಕರಿಸಿ ಅವಳ ಹೆಸರಿಗೆ ಅವಳು ಕೇಳಿದ್ದ ಆ ಪುಸ್ತಕವನ್ನು ಮತ್ತೆ ಮತ್ತೆ ಕೊಟ್ಟನಲ್ಲ, ಅದನ್ನು ಅವನು ಒಳಗೊಳಗೇ ಒಂದು ದಾನವೆಂದೇ ಎಣಿಸಿದ್ದ. ಕಾಗದದ ಮೇಲೆ ಕೊಟ್ಟರೂ ಕೊಟ್ಟಂತೆಯೇ. ನಮ್ಮ ದೇಶದಲ್ಲಿ ಎಷ್ಟೊಂದನ್ನು ಹಾಗೆಯೇ ಕೊಟ್ಟಿದ್ದಾರೆ, ಇವನೊಬ್ಬನದೇ ಏನು.

ಕಮಿಟಿಯಲ್ಲಿ ಮೂವರಿದ್ದರು. ಇಬ್ಬರು ಗಂಡಸರು ಬಂದವರೇ ಊಟದ ಹಾಲ್ ಕಡೆ ಕಟ್ಟಡದ ಗಟ್ಟಿತನ ಪರೀಕ್ಷಿಸಲು ಹೋದರು. ಮೂರನೆಯವರು ಪ್ರೊಫೆಸರ್ ವಿಜಯಲಕ್ಷ್ಮಿ, ಸಂಖ್ಯಾಶಾಸ್ತ್ರದವರು, ಐವತ್ತು ದಾಟಿದ ಕುಳ್ಳ ಹೆಂಗಸು. ಮಡಕಶಿರಾ ಕಡೆಯವರು, ಅಮರಾಪುರದಿಂದ ಬಸ್ಸಿನಲ್ಲಿ ನಿಂತುಕೊಂಡು ಓಡಾಡಿ ಓದಿದವರು ಎಂದು ಅವರೇ ನಗುತ್ತ ಹೇಳಿಕೊಂಡರು. ಪ್ರಿನ್ಸಿಪಾಲರು ತೆಲುಗಿನಲ್ಲಿ ಶುರು ಮಾಡಿದ್ದಕ್ಕೆ, "ಕನ್ನಡದಾಗೇ ಮಾತಾಡಿ ಸಾರ್, ನಂಗೂ ಬಾಯಿ ತುರಿಸ್ತೈತೆ," ಎಂದು ನೇರ ಲೈಬ್ರರಿಗೆ ನಡೆದು, ಬೀರುವಿಗೆ ಬೆನ್ನು ಹಾಕಿ ಕೂತು, ರಿಜಿಸ್ಟರ್ ಎಳೆದುಕೊಂಡರು. ಲೋಕನಾಥ ಜೇಬಿನಲ್ಲಿ ಬೆರಳು ಮಡಚಿ ನಿಂತ. ಅವರು ಪುಟ ಮಗುಚುತ್ತಿದ್ದ ರೀತಿ ಓದುವವರದಾಗಿರಲಿಲ್ಲ, ಅಕ್ಕಿಯಲ್ಲಿ ಕಲ್ಲು ಆರಿಸುವವರದಾಗಿತ್ತು.

"ಬಲು ಶಿಸ್ತಿನ ಮಕ್ಳು ನಿಮ್ಮವು," ಎಂದರು ವಿಜಯಲಕ್ಷ್ಮಿ. "ನಮ್ಮ ಕಡೆ ಹುಡುಗ್ರು ವರ್ಷೆಲ್ಲಾ ಲೈಬ್ರರಿ ಕಡೆ ತಲೆ ಹಾಕಲ್ಲ, ಪರೀಕ್ಷೆ ಬಂತು ಅಂದ್ರೆ ಜಾತ್ರೆ ಥರಾ ಮುಗಿಬೀಳ್ತಾವೆ. ನಿಮ್ಮವು ನೋಡಿ, ಜೂನ್‌ನಲ್ಲೂ ಅಷ್ಟೇ, ಮಾರ್ಚ್‌ನಲ್ಲೂ ಅಷ್ಟೇ. ಅಳೆದು ತೂಗಿ ಓದ್ಯವೆ."

ಲೋಕನಾಥನಿಗೆ ತನ್ನ ತಪ್ಪು ಹೊಳೆಯಿತು. ಭಾನುವಾರ ನೆನಪಿತ್ತು, ಯುಗಾದಿ ನೆನಪಿತ್ತು, ಪರೀಕ್ಷೆ ಮರೆತುಹೋಗಿತ್ತು. ಮನುಷ್ಯರು ಕೋಷ್ಟಕದಂತೆ ಬದುಕುವುದಿಲ್ಲ, ಭಯ ಬಂದಾಗ ಗುಂಪಾಗುತ್ತಾರೆ ಎಂದು ಎರಡನೆಯ ವರ್ಷದವರಿಗೆ ತಾನೇ ಪಾಠ ಹೇಳಿದ್ದ. ವಿಜಯಲಕ್ಷ್ಮಿ ತಲೆ ಎತ್ತಲಿಲ್ಲ. ಬೈದದ್ದೋ ಮೆಚ್ಚಿದ್ದೋ ತಿಳಿಯದಂತೆ ಮುಖವನ್ನು ರಿಜಿಸ್ಟರಿನಲ್ಲೇ ಇಟ್ಟುಕೊಂಡು, ಒಂದು ಸಾಲಿನ ಮೇಲೆ ಉಗುರು ಊರಿದರು.

"ಇದೊಂದು ಪುಸ್ತಕ ಒಂಬತ್ತು ಸಲ ಹೋಗೈತೆ. ಐದು ಸಲ ಒಂದೇ ಹುಡುಗಿ. ಯಾರು ಸಾರ್ ಇವಳು, ಹರಿತಾ? ನಾನೇ ಈ ಪುಸ್ತಕ ಮೂರನೇ ಸಲಕ್ಕೆ ಮುಗಿಸಿದ್ದು. ಕರೀರಿ, ನೋಡ್ಬೇಕು ನಾನು."

ರೇಣುಕಾಪ್ರಸಾದ್ ಲೋಕನಾಥನನ್ನು ಬಾಗಿಲ ಹೊರಗೆ ಎಳೆದುಕೊಂಡು ಬಂದರು. "ಬರೋ ದಾರ್ಯಾಗ ಎಲ್ಲಾ ಹೇಳಿಕೊಟ್ಟು ಕರ್ಕೊಂಡು ಬರ್ರಿ. ಐದು ಸಲ ಓದೀನಿ ಅನ್ಲಿ, ಸಾಕು. ಪಿಜಿ ಬಂದ್ರ ಹೆಡ್ಡು ನೀವೇ. ಬರ್ಲಿಲ್ಲ ಅಂದ್ರ ರಿಜಿಸ್ಟರ್ ಬರೆದಾವ್ರು ಯಾರು ಅಂತ ನಾನು ಹೇಳಬೇಕಾಗ್ತೈತಿ, ತಪ್ಪು ತಿಳೀಬ್ಯಾಡ್ರಿ."

ಹರಿತಾ ಗೇಟಿನ ಹತ್ತಿರ ಇದ್ದಳು. ಕಮಿಟಿ ಬಂದಾಗಲೆಲ್ಲ ಹುಡುಗಿಯರಿಗೆ ಒಂದೇ ಬಣ್ಣದ ಸೀರೆ ಉಡಿಸಿ, ಕೈಗೆ ಕುಂಕುಮದ ತಟ್ಟೆ ಕೊಟ್ಟು ನಿಲ್ಲಿಸುವುದು ಅಲ್ಲಿಯ ಪದ್ಧತಿ. ಮೂರು ವರ್ಷ ಗಣಿತ ಓದಿಸಿ ಕೊನೆಗೆ ತಟ್ಟೆ ಹಿಡಿಸುವುದಕ್ಕೆ ಯಾರಿಗೂ ನಾಚಿಕೆ ಇದ್ದಂತಿರಲಿಲ್ಲ, ಲೋಕನಾಥನಿಗೂ ಬೆಳಗ್ಗೆಯವರೆಗೆ ಇರಲಿಲ್ಲ. ತಟ್ಟೆಯನ್ನು ಪಕ್ಕದವಳಿಗೆ ಕೊಟ್ಟು ಅವಳು ಬಂದಳು. ಗೇಟಿನಿಂದ ಲೈಬ್ರರಿಗೆ ನೂರಿಪ್ಪತ್ತು ಹೆಜ್ಜೆ. ನಲವತ್ತು ಹೆಜ್ಜೆ ಇವನು ಗಂಟಲು ಸರಿಮಾಡಿಕೊಳ್ಳುವುದರಲ್ಲೇ ಹೋಯಿತು.

"ಹರಿತಾ, ಒಳಗ ಒಬ್ರು ಮೇಡಂ ಕೇಳ್ತಾರ. ಆ ಪುಸ್ತಕ ಓದೀನಿ ಅನ್ನು."

"ಯಾವ ಪುಸ್ತಕರಿ? ನಿನಗಲ್ಲ ಅಂದಿದ್ರಲ್ಲ, ಅದಾ?"

"ಹೂಂ, ಅದಾ."

"ಎಂದು ಓದಿದ್ನಿ ಅನ್ನಬೇಕ್ರಿ?"

"ಐದು ಸಲ... ಅಂದ್ರ, ಎರಡು ವರ್ಷದಾಗ ಐದು ಸಲ ಒಯ್ದೀ ಅಂತ ರಿಜಿಸ್ಟರ್‌ನಾಗ ಐತಿ."

ಹರಿತಾ ನಿಂತುಬಿಟ್ಟಳು. ನಗುತ್ತಾಳೋ ಅಳುತ್ತಾಳೋ ಎಂದು ಅವನು ಓರೆಗಣ್ಣಿನಲ್ಲಿ ನೋಡಿದ. ಅವಳು ಲೆಕ್ಕ ಹಾಕುತ್ತಿದ್ದಳು. "ಐದು ಸಲ್ರಿ? ಒಂದ್ಸಲ ಸಾಕಿತ್ತಲ್ರಿ ಸರ್! ಕೊಡಾಕ ಒಂದ್ಸಲಾನೂ ಆಗ್ಲಿಲ್ಲ, ಬರಿಯಾಕ ಐದು ಸಲ ಆತು."

"ದನಿ ಸಣ್ಣದು ಮಾಡಮ್ಮ."

"ನಾನು ಓದಿಲ್ಲ ಅಂದ್ರ ನಿಮ್ಗೇನಾಗ್ತೈತ್ರಿ?"

ಹೇಳಬಹುದಾಗಿತ್ತು. ಕೆಲಸ ಹೋಗುತ್ತದೆ ಎನ್ನಬಹುದಾಗಿತ್ತು, ಅದು ನಿಜವೂ ಆಗಿತ್ತು. ಆದರೆ ಕೆಲಸದ ಭಯ ಆ ಹೊತ್ತಿಗೆ ತೀರ ಸಣ್ಣದಾಗಿ, ಬೀದಿಯ ಆಚೆಯ ಮಷೀನಿನ ಸದ್ದಿನಂತೆ ದೂರದಲ್ಲಿತ್ತು. ಹತ್ತಿರದಲ್ಲಿದ್ದದ್ದು ಈ ಹುಡುಗಿಯ ಮುಖ. ಅವಳು ಇವನನ್ನು ತಿರಸ್ಕಾರದಿಂದ ನೋಡಿದ್ದರೆ ತಡೆದುಕೊಳ್ಳುತ್ತಿದ್ದ. ಬರೀ ಕುತೂಹಲದಿಂದ ನೋಡುತ್ತಿದ್ದಳು, ಮುರಿದ ಸೂಜಿಯನ್ನು ಬೆಳಕಿಗೆ ಹಿಡಿದು ಎಲ್ಲಿ ಮುರಿಯಿತು ಎಂದು ನೋಡುವಂತೆ. "ನಿನಗ ಏನ್ ಅನ್ನಬೇಕು ಅನ್ನಿಸ್ತೈತಿ ಅದನ್ನಾ ಅನ್ನು," ಎಂದುಬಿಟ್ಟ. ಹೇಳಿದ ಮೇಲೆ ಹಗುರವಾಯಿತು, ಹೆಮ್ಮೆಯೂ ಆಯಿತು, ಆ ಹೆಮ್ಮೆಯ ಮೇಲೆ ಅನುಮಾನವೂ ಬಂತು. ನಿರ್ಧಾರವನ್ನು ಅವಳ ತಲೆಗೆ ಕಟ್ಟಿ ತಾನು ಒಳ್ಳೆಯವನಾಗಿಬಿಟ್ಟೆನೇ? ಇರಲಿ, ಒಳಗೆ ಹೋಗಿ ತಾನೇ ಹೇಳಿಬಿಡುತ್ತೇನೆ, ಎಲ್ಲವನ್ನೂ ಬರೆದವನು ನಾನು ಎಂದು. ಕೊನೆಯ ಇಪ್ಪತ್ತು ಹೆಜ್ಜೆಯಲ್ಲಿ ಅವನು ಆ ವಾಕ್ಯವನ್ನು ಮನಸ್ಸಿನಲ್ಲಿ ಹೊಂದಿಸಿಕೊಂಡ. ಚೆನ್ನಾಗಿತ್ತು ವಾಕ್ಯ.

ವಿಜಯಲಕ್ಷ್ಮಿ ಹುಡುಗಿಯನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡರು. ವಿದ್ಯಾರ್ಥಿನಿ ಕಮಿಟಿಯವರ ಪಕ್ಕ ಕೂತದ್ದು ನೋಡಿ ಪ್ರಿನ್ಸಿಪಾಲರು ಎದ್ದು ನಿಂತರು, ಮತ್ತೆ ಕೂತರು. "ಐದು ಸಲ ಒಯ್ದಿದೀಯಲ್ಲವ್ವ, ಏನು ಹುಡುಕ್ತಿದ್ದೆ ಅದ್ರಾಗೆ?"

ಹರಿತಾ ಸೂಜಿಯ ವಿಷಯ ಹೇಳಿದಳು. ತಡವರಿಸದೆ, ನಾಲ್ಕು ಮಷೀನು, ಮೂರು ತಿಂಗಳು, ಹಳೆಯ ಸೂಜಿಗೆ ನೆನಪಿರುವುದು, ಕ್ಲಾಸಿನ ಸೂತ್ರ ಅದಕ್ಕೆ ಹೊಂದದಿರುವುದು. ಪ್ರೊಫೆಸರರು ಕನ್ನಡಕ ತೆಗೆದರು. ಮುಖ ಇದ್ದಕ್ಕಿದ್ದಂತೆ ಬಸ್ಸಿನಲ್ಲಿ ನಿಂತು ಓಡಾಡುತ್ತಿದ್ದ ಹುಡುಗಿಯದಾಯಿತು. "ಅಯ್ಯೋ ಮಗಳೇ, ಅದಕ್ಕಂತಾನೇ ಒಂದು ದೊಡ್ಡ ಅಧ್ಯಾಯ ಐತಲ್ಲ ಅದ್ರಾಗೆ! ಒಂದು ಹೋದ ಕೂಡ್ಲೇ ಇನ್ನೊಂದು ಹಾಕೋದು, ಹಾಕಿದ್ದಕ್ಕೆ ವಯಸ್ಸಾಗೋದು. ಅದೇ ನಿನ್ನ ಸೂಜಿ. ಓದ್ಲಿಲ್ವಾ?"

"ಇಲ್ರಿ ಮೇಡಂ."

ಪ್ರಿನ್ಸಿಪಾಲರು ಕೆಮ್ಮಿದರು. ಸಾಲದೆಂದು ಇನ್ನೊಮ್ಮೆ ಕೆಮ್ಮಿದರು. ಲೋಕನಾಥ ಒಂದು ಹೆಜ್ಜೆ ಮುಂದೆ ಬಂದ, ವಾಕ್ಯ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಹರಿತಾ ರಿಜಿಸ್ಟರನ್ನು ತನ್ನ ಕಡೆ ತಿರುಗಿಸಿಕೊಂಡು ಬೆರಳಿಟ್ಟು ಓದತೊಡಗಿದ್ದಳು. ತನ್ನ ಹೆಸರನ್ನು ತಾನು ಬರೆಯದ ಕೈಬರಹದಲ್ಲಿ, ಒಂದು, ಎರಡು, ಮೂರು. ಐದನೆಯದಕ್ಕೆ ಬಂದು ಬೆರಳು ನಿಂತಿತು. ಅಲ್ಲಿಂದ ಅಡ್ಡಕ್ಕೆ ಸರಿಯಿತು.

"ಓದಾಕತ್ತೀನ್ರಿ ಮೇಡಂ, ಇನ್ನಾ ಮುಗಿದಿಲ್ಲ," ಎಂದಳು. "ನೋಡ್ರಿ, ಐದನೇ ಸಲ ಒಯ್ದಿದ್ದು ಹೋದ ವಾರ. ವಾಪಸ್ ಕೊಟ್ಟ ತಾರೀಖು ಖಾಲಿ ಐತಿ. ಅಂದ್ರ ಪುಸ್ತಕ ನಮ್ಮನ್ಯಾಗ ಐತ್ರಿ." ತಿರುಗಿ ಬೀರುವಿನ ಗಾಜಿನೊಳಗೆ ಅದೇ ನಂಬರಿನ ಪುಸ್ತಕ ನೋಡಿ, "ನಮ್ಮನ್ಯಾಗಿರೋ ಪುಸ್ತಕ ಅದರಾಗ ಹೆಂಗ ಬಂತ್ರಿ, ಸರ್?"

ಕೇಳಿದ್ದು ಲೋಕನಾಥನನ್ನು. ಕೊನೆಯ ಕೆಲವು ಸಾಲುಗಳಲ್ಲಿ ವಾಪಸಿನ ಅಂಕಣವನ್ನು ಅವನೇ ಖಾಲಿ ಬಿಟ್ಟಿದ್ದ, ಎಲ್ಲ ಪುಸ್ತಕವೂ ಸಮಯಕ್ಕೆ ವಾಪಸು ಬರುವ ಲೈಬ್ರರಿಯನ್ನು ಯಾರೂ ನಂಬುವುದಿಲ್ಲವೆಂದು. ಮೂವರೂ ಅವನನ್ನು ನೋಡುತ್ತಿದ್ದರು. ಹೇಳು, ಈಗ ಹೇಳು, ಎಲ್ಲವನ್ನೂ ಬರೆದವನು ನಾನು. ಬಾಯಿ ತೆರೆದ. ತೆರೆದ ಬಾಯಲ್ಲೇ ಅವನಿಗೆ ಹೊಳೆಯಿತು: ಹೇಳಿದರೆ ರಿಜಿಸ್ಟರ್ ಸುಳ್ಳಾಗುತ್ತದೆ. ರಿಜಿಸ್ಟರ್ ಸುಳ್ಳಾದರೆ ಪುಸ್ತಕ ಬೀರುವಿನಲ್ಲೇ ಉಳಿಯುತ್ತದೆ. ತಾನು ಶುದ್ಧನಾಗಿ, ತಲೆ ಎತ್ತಿ, ಬಹುಶಃ ಒಂದಿಷ್ಟು ಕಣ್ಣೀರೂ ಹಾಕಿ ಹೊರಗೆ ನಡೆಯಬಹುದು, ಹುಡುಗಿ ಬರಿಗೈಯಲ್ಲಿ ಗೇಟಿಗೆ ವಾಪಸು ಹೋಗುತ್ತಾಳೆ. ಎರಡು ವರ್ಷದಲ್ಲಿ ಅವಳಿಗೆ ಸಿಕ್ಕ ಹಿಡಿ ಈ ಒಂದು ಸುಳ್ಳು, ಅದನ್ನೂ ತನ್ನ ಮನಸ್ಸಾಕ್ಷಿಗಾಗಿ ಕಿತ್ತುಕೊಳ್ಳುವುದೇ? ಅಷ್ಟು ಚೆನ್ನಾಗಿ ಹೊಂದಿಸಿಕೊಂಡಿದ್ದ ವಾಕ್ಯವನ್ನು ಅವನು ನುಂಗಿದ.

"ಕಮಿಟಿಗೆ ತೋರಿಸಬೇಕು ಅಂತ ನಿನ್ನೆ ನಾನೇ ತರಿಸಿಟ್ಟಿದ್ದೆ ಮೇಡಂ," ಎಂದ. "ಅಕೀದಾ ಪುಸ್ತಕ. ಸರ್, ಕೀಲಿ ಕೊಡ್ರಿ."

ರೇಣುಕಾಪ್ರಸಾದ್ ಅವನನ್ನು ನೋಡಿದರು, ಪ್ರೊಫೆಸರರನ್ನು ನೋಡಿದರು. ಕಮಿಟಿಯ ಎದುರು ಅಂಗಿ ಎತ್ತಿ ಉಡಿದಾರ ಬಿಚ್ಚುವ ಪ್ರಿನ್ಸಿಪಾಲರ ಅವಸ್ಥೆಯನ್ನು ನೋಡಲಾಗದೆ ಬಾಗಿಲಲ್ಲಿ ನಿಂತಿದ್ದ ಓಬುಲೇಶ್ ಮುಖ ತಿರುಗಿಸಿದ. ಬೀರು ಕಿರ್ರೆಂದಿತು. ಪುಸ್ತಕ ಎಷ್ಟು ಒತ್ತಾಗಿ ಕೂತಿತ್ತೆಂದರೆ ಎಳೆದಾಗ ಪಕ್ಕದ ಎರಡು ಅದರ ಜೊತೆಗೇ ಬಂದವು.

ವಿಜಯಲಕ್ಷ್ಮಿ ರಿಜಿಸ್ಟರ್ ಮುಚ್ಚಿದರು. ಲೋಕನಾಥನ ಶಾಯಿ ಬೆರಳನ್ನು ನೋಡಿದರೋ ಇಲ್ಲವೋ. "ಪಿಜಿ ವಿಷ್ಯ ನಾನೊಬ್ಳೇ ಹೇಳೋದಲ್ಲ," ಎಂದರು. "ಬೀರು ಬೀಗ ತೆಗೆದು ಮೂರು ತಿಂಗಳು ಬಿಟ್ಟು ಇನ್ನೊಂದ್ಸಲ ರಿಜಿಸ್ಟರ್ ಕಳ್ಸಿ. ಅಷ್ಟು ಶಿಸ್ತಾಗಿರೋದು ಬ್ಯಾಡ, ಗಲೀಜಾಗಿದ್ರೂ ಪರ್ವಾಗಿಲ್ಲ." ಆಮೇಲೆ ಹುಡುಗಿಯ ಕೆನ್ನೆ ಹಿಂಡಿ, ತನ್ನ ಫೋನ್ ನಂಬರನ್ನು ಅವಳ ಅಂಗೈ ಮೇಲೆ ಬರೆದು, ಊಟದ ಹಾಲ್ ಕಡೆ ಹೊರಟರು. ಹಿಂದೆಯೇ ಪ್ರಿನ್ಸಿಪಾಲರು ಓಡಿದರು.

ಹರಿತಾ ಪುಸ್ತಕವನ್ನು ಎದೆಗವಚಿಕೊಂಡು ಮೆಟ್ಟಿಲಿಳಿದಳು. "ಸರ್, ನಾಳೆ ಕ್ಲಾಸಿನ್ಯಾಗ ಕೇಳ್ತೀನ್ರಿ," ಎಂದು ತಿರುಗಿ ಹೇಳಿದಳು. ಬೆದರಿಕೆಯಂತೆ ಇರಲಿಲ್ಲ, ಅದಕ್ಕೇ ಹೆದರಿಕೆಯಾಯಿತು. ನಾಳೆ ಕೇಳುತ್ತಾಳೆ. ಕೇಳಿದರೆ ಹೇಳಬೇಕು. ಹೇಳಬೇಕಾದರೆ ಓದಬೇಕು, ಮೊದಲಿನಿಂದ, ಗೈಡಿಲ್ಲದೆ. ಓದಲು ಆ ಪುಸ್ತಕದ ಇನ್ನೊಂದು ಪ್ರತಿ ರಾಯದುರ್ಗದಲ್ಲೇ ಇಲ್ಲ. ಅವಳು ಗೇಟು ದಾಟಿ, ಬೀದಿಯ ನಡುವಿಗೆ ಹೋಗಿಬಿಟ್ಟಿದ್ದಳು. ಲೋಕನಾಥ ಬಿಸಿಲಿನಲ್ಲಿ ಓಡಿದ. ಕಾಲೇಜಿನ ಮೇಷ್ಟರು ಹುಡುಗಿಯ ಹಿಂದೆ ಓಡುವುದನ್ನು ಹೊಲಿಯುತ್ತಿದ್ದವರು ಕಿಟಕಿಯಿಂದ ನೋಡಿದರು.

"ಹರಿತಾ! ಸಂಜೀಕ ನಿಮ್ಮನೀಗೆ ಬರ್ಲೇನಮ್ಮ?" ಉಸಿರು ಸಿಗುತ್ತಿರಲಿಲ್ಲ. "ಆ ಅಧ್ಯಾಯ ನಾನೂ ಓದಿಲ್ಲ. ನನಗ ಬರೋದಿಲ್ಲ ಅದು."

ಅವಳು ಅವನ ಮುಖ ನೋಡಿದಳು, ಕೈಯಲ್ಲಿದ್ದ ಪುಸ್ತಕದ ದಪ್ಪ ನೋಡಿದಳು.

"ಬರ್ರಿ ಸರ್," ಎಂದಳು. "ಆದ್ರ ಮೊದ್ಲು ಓದಾಕಿ ನಾನು."